ಕೆಜಿಎಫ್ ಸೈನೈಡ್ ಗುಡ್ಡದ ಮಣ್ಣು ಮುಟ್ಟಿದರೆ ಸಾವೇ? ಅದರೊಳಗೆ ನಿಜಕ್ಕೂ ಎಷ್ಟು ಚಿನ್ನವಿದೆ?

ಕೆಜಿಎಫ್‌ನ ಸೈನೈಡ್ ಗುಡ್ಡಗಳ ಬಗ್ಗೆ ಎರಡು ಬಗೆಯ ಫಾರ್ವರ್ಡ್‌ಗಳು ಓಡಾಡುತ್ತವೆ. ಮೊದಲನೆಯದು ಹೆದರಿಸುವಂಥದ್ದು: ಈ ಗುಡ್ಡದ ಮಣ್ಣಿನ ತುಂಬ ಸೈನೈಡ್ ಇದೆ, ಕೈಗೆ ಅಂಟಿದರೂ ಸಾಕು, ಕತೆ ಮುಗಿಯಿತು. ಎರಡನೆಯದು ಆಸೆ ಹುಟ್ಟಿಸುವಂಥದ್ದು: ಗುಡ್ಡದೊಳಗೆ ಲಕ್ಷಾಂತರ ಕೋಟಿ ರೂಪಾಯಿಯ ಚಿನ್ನ ಹಾಗೇ ಬಿದ್ದಿದೆ, ಸರ್ಕಾರ ಮುಚ್ಚಿಡುತ್ತಿದೆ. ಎಷ್ಟೋ ಸಲ ಎರಡೂ ಒಂದೇ ಫ್ಯಾಮಿಲಿ ಗ್ರೂಪಿಗೆ ಬಂದು ಬೀಳುತ್ತವೆ. ಜೊತೆಗಿರುವ ಫೋಟೋ ಬಹುಪಾಲು 2018ರ ಯಶ್ ಸಿನಿಮಾದ್ದು. ಆ ಸಿನಿಮಾದ ಸೆಟ್ಟನ್ನು ಈ ಗುಡ್ಡದ ಮೇಲೆಯೇ ಹಾಕಿದ್ದರು ಅನ್ನುವುದು ನಿಜ. ಆದರೆ ಅದರಲ್ಲಿ ಬರುವ ನರಾಚಿ ಗಣಿ ಕಥೆಗಾರರ ಕಲ್ಪನೆ.

ನೇರ ಉತ್ತರ ಬೇಕಾದವರಿಗೆ ಮೊದಲೇ ಹೇಳುತ್ತೇವೆ. ಒಣಗಿದ ಆ ಮಣ್ಣನ್ನು ಮುಟ್ಟಿದ ಮಾತ್ರಕ್ಕೆ ಯಾರೂ ಸಾಯುವುದಿಲ್ಲ. ಚಿನ್ನ ಇದೆ, ಆದರೆ ಫಾರ್ವರ್ಡ್ ಹೇಳುವಷ್ಟಿಲ್ಲ. ಹಾಗಾದರೆ ಗುಡ್ಡ ನಿರಪಾಯಕಾರಿಯೇ ಎಂದರೆ, ಅದೂ ಅಲ್ಲ. ಅಪಾಯ ಇದೆ, ಹೆಸರು ಹೇಳುವ ಕಡೆ ಇಲ್ಲ ಅಷ್ಟೆ. ಈಗ ಆ ಗುಡ್ಡಗಳನ್ನು ಮತ್ತೆ ಅಗೆಯುವ ಮಾತು ನಡೆದಿರುವುದರಿಂದ, ಅದು ಎಲ್ಲಿದೆ ಎಂದು ತಿಳಿದುಕೊಳ್ಳುವುದು ಅಲ್ಲಿ ಬದುಕುವವರಿಗೆ ಬಹಳ ಮುಖ್ಯ.

ಗುಡ್ಡ ಬಂದದ್ದು ಎಲ್ಲಿಂದ?

ಇದು ದೇವರು ಕೊಟ್ಟ ಗುಡ್ಡವಲ್ಲ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಲ್ಲಿ ಇಲ್ಲಿ ದೊಡ್ಡ ಪ್ರಮಾಣದ ಗಣಿಗಾರಿಕೆ ಶುರು ಮಾಡಿತು. ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ಅಂದರೆ ಬಿಜಿಎಂಎಲ್, 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಇವೆರಡರ ನಡುವಿನ ಸುಮಾರು 120 ವರ್ಷಗಳಲ್ಲಿ ಈ ನೆಲ ಕೊಟ್ಟ ಚಿನ್ನ ಹತ್ತಿರ ಹತ್ತಿರ 800 ಟನ್. ಅದಕ್ಕಾಗಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದರು, ಬಂಡೆ ಒಡೆದರು, ಮೇಲಕ್ಕೆ ತಂದರು. ಚಿನ್ನದ ಕಣ ಬಂಡೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹುದುಗಿರುತ್ತದೆ. ಹಾಗಾಗಿ ಬಂಡೆಯನ್ನು ರಾಗಿ ಹಿಟ್ಟಿನ ಹಾಗೆ ಅರೆಯಲೇಬೇಕು. ಅರೆದ ಹಿಟ್ಟಿನಿಂದ ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟನ್ನೆಲ್ಲ ಪಕ್ಕದಲ್ಲೇ ಸುರಿದರು. ಒಂದೆರಡಲ್ಲ, 13 ಗುಡ್ಡ. ಎಲ್ಲ ಸೇರಿ ಸುಮಾರು 3.3 ಕೋಟಿ ಟನ್.

ಹೆಸರು ಬಂದದ್ದು ಚಿನ್ನ ತೆಗೆಯುವ ವಿಧಾನದಿಂದ. ಮೊದಮೊದಲು ಪಾದರಸ ಬಳಸುತ್ತಿದ್ದರು. 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಸೈನೈಡ್ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು, ಕೆಲವೇ ವರ್ಷಗಳಲ್ಲಿ ಅದು ಕೋಲಾರಕ್ಕೂ ಬಂತು. ಸೋಡಿಯಂ ಸೈನೈಡ್ ಬೆರೆಸಿದ ನೀರಿನಲ್ಲಿ ಗಾಳಿಯಾಡುವಂತೆ ಇಟ್ಟರೆ ಚಿನ್ನ, ಸಕ್ಕರೆ ನೀರಿನಲ್ಲಿ ಕರಗಿದ ಹಾಗೆ, ಕರಗಿಬಿಡುತ್ತದೆ. ಬೇಕಾಗುವ ಸೈನೈಡ್ ಕೂಡ ಅಷ್ಟೇನೂ ಹೆಚ್ಚಲ್ಲ, ಸಾವಿರ ಲೀಟರ್ ನೀರಿಗೆ ಅರ್ಧ ಕಿಲೋ ಆಸುಪಾಸು ಅಥವಾ ಇನ್ನೂ ಕಡಿಮೆ.

ಆ ಸೈನೈಡ್ ಈಗ ಎಲ್ಲಿದೆ?

ದನ ಸಾಕಿದ ಮನೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಮಳೆ ಕೈಕೊಟ್ಟು ಮುರುಟಿದ ಎಳೆಯ ಬಿಳಿಜೋಳದ ಪೈರಿಗೆ ದನ ಬಿಡಬಾರದು ಎಂದು ಹಿರಿಯರು ಹೇಳುತ್ತಾರಲ್ಲ? ಅದಕ್ಕೆ ಕಾರಣ ಸೈನೈಡೇ. ಎಳೆ ಜೋಳದಲ್ಲಿರುವ ಒಂದು ವಸ್ತು ದನದ ಹೊಟ್ಟೆಯಲ್ಲಿ ಒಡೆದು ಸೈನೈಡ್ ಆಗುತ್ತದೆ, ದನ ಉಸಿರುಗಟ್ಟಿ ಬೀಳುತ್ತದೆ. ಅದೇ ಪೈರನ್ನು ಕೊಯ್ದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಹಾಕಿದರೆ ವಿಷ ಬಹುಮಟ್ಟಿಗೆ ಇಳಿದಿರುತ್ತದೆ. ಸೈನೈಡ್ ಗಾಳಿಗೆ ಹಾರಿಹೋಗುವ ಜಾತಿಯದು.

ಗುಡ್ಡದಲ್ಲೂ ಆಗುವುದು ಹೆಚ್ಚುಕಡಿಮೆ ಇದೇ. ಕಾರ್ಖಾನೆಯಲ್ಲಿ ಸೈನೈಡ್ ನೀರಿಗೆ ಸುಣ್ಣ ಹಾಕಿ ಕ್ಷಾರೀಯವಾಗಿ ಇಟ್ಟಿರುತ್ತಾರೆ, ಇಲ್ಲದಿದ್ದರೆ ಅದು ಅನಿಲವಾಗಿ ಹೋಗಿಬಿಡುತ್ತದೆ. ಹೊರಗೆ ಸುರಿದ ಮೇಲೆ ಸುಣ್ಣದ ಪ್ರಭಾವ ಇಳಿಯುತ್ತದೆ, ಸೈನೈಡ್ ಗಾಳಿಗೆ ಸೇರಿ ಚದುರುತ್ತದೆ. ಒಂದಷ್ಟನ್ನು ಬಿಸಿಲು ಒಡೆಯುತ್ತದೆ, ಇನ್ನಷ್ಟನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ತಿಂದು ಮುಗಿಸುತ್ತವೆ. ಕಬ್ಬಿಣದ ಜೊತೆ ಗಟ್ಟಿಯಾಗಿ ಅಂಟಿಕೊಂಡದ್ದು ಮಾತ್ರ ಬಹುಕಾಲ ಉಳಿಯುತ್ತದೆ. ಆದರೆ ಆ ರೂಪದಲ್ಲಿ ಅದರ ವಿಷ ತೀರಾ ಕಡಿಮೆ. ಗಣಿ ಮುಚ್ಚಿಯೇ ಎರಡು ದಶಕ ದಾಟಿದೆ, ಕೆಲವು ಗುಡ್ಡಗಳು ಅದಕ್ಕಿಂತ ಎಷ್ಟೋ ಹಳೆಯವು. ಮೇಲ್ಪದರದ ಮಣ್ಣಿನಲ್ಲಿ ಆ ಕಾಲದ ಸೈನೈಡ್ ಕುಳಿತು ಕಾಯುತ್ತಿದೆ ಎನ್ನಲು ರಸಾಯನಶಾಸ್ತ್ರದಲ್ಲಿ ಆಧಾರವಿಲ್ಲ.

ಮೇಲ್ಪದರ ಎಂದದ್ದಕ್ಕೆ ಕಾರಣವಿದೆ. ಹತ್ತಾರು ಮೀಟರ್ ಒಳಗೆ ಬಿಸಿಲೂ ಇಲ್ಲ, ಗಾಳಿಯೂ ಅಷ್ಟಕ್ಕಷ್ಟೆ. ಅಲ್ಲಿ ಎಲ್ಲವೂ ನಿಧಾನ. ಅದಕ್ಕೇ ವಿಜ್ಞಾನಿಗಳು ಈ ಮಣ್ಣನ್ನು ಕಣ್ಣಂದಾಜಿನಲ್ಲಿ ಬಿಡದೆ ಪರೀಕ್ಷೆಗೆ ಒಡ್ಡಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಧಾಕರ ರಾವ್ ಮತ್ತು ಬಿ.ವಿ. ವೆಂಕಟರಾಮ ರೆಡ್ಡಿ 2006ರಲ್ಲಿ ಪ್ರಕಟಿಸಿದ ಪ್ರಬಂಧ ಇದೇ ಮಣ್ಣಿನ ಬಗೆಗಿನದು. ಅವರು ಹುಡುಕಹೊರಟದ್ದು ಎರಡು ವಿಷಯ: ಒಂದು ಸೈನೈಡ್, ಇನ್ನೊಂದು ಆಮ್ಲದ ಬಸಿ ನೀರು. ಫಾರ್ವರ್ಡ್‌ಗಳಲ್ಲಿ ಮೊದಲನೆಯದಷ್ಟೇ ಇರುತ್ತದೆ. ಎರಡನೆಯದರ ಹೆಸರನ್ನೇ ನಮ್ಮಲ್ಲಿ ಹೆಚ್ಚಿನವರು ಕೇಳಿಲ್ಲ.

ಯಾರೂ ಫಾರ್ವರ್ಡ್ ಮಾಡದ ಆಮ್ಲ

ಕೋಲಾರದ ಚಿನ್ನದ ಬಂಡೆಯಲ್ಲಿ ಗಂಧಕ ಬೆರೆತ ಖನಿಜಗಳೂ ಇವೆ, ಕೆಲವು ಪದರಗಳಲ್ಲಿ ಕಡಿಮೆ, ಕೆಲವು ಪದರಗಳಲ್ಲಿ ಧಾರಾಳ. ನೆಲದೊಳಗೆ ಇರುವತನಕ ಅವು ಸುಮ್ಮನಿರುತ್ತವೆ. ಹಿಟ್ಟಾಗಿ ಹೊರಬಂದು ಗಾಳಿ ಮತ್ತು ಮಳೆ ನೀರು ತಾಕಿದರೆ, ಕಬ್ಬಿಣ ತುಕ್ಕು ಹಿಡಿದ ಹಾಗೆ, ನಿಧಾನವಾಗಿ ಗಂಧಕಾಮ್ಲ ಹುಟ್ಟುತ್ತದೆ. ಈ ಆಮ್ಲ ದಾರಿಯಲ್ಲಿ ಸಿಕ್ಕ ಲೋಹಗಳನ್ನು ಕರಗಿಸಿಕೊಂಡು ಹೋಗುತ್ತದೆ. ಇಂಥ ಖನಿಜಗಳಲ್ಲಿ ಆರ್ಸೆನಿಕ್ ಇರುವ ಒಂದು ಬಗೆಯೂ ಉಂಟು. ಸೈನೈಡ್ ಕಾಲ ಕಳೆದಂತೆ ಕಡಿಮೆಯಾಗುತ್ತದೆ. ಆರ್ಸೆನಿಕ್ ಮೂಲವಸ್ತು. ಅದು ಒಡೆಯುವುದಿಲ್ಲ, ಆರಿಹೋಗುವುದಿಲ್ಲ. ಇರುವ ಜಾಗ ಬದಲಿಸಬಹುದು, ಅಷ್ಟೆ.

ಗುಡ್ಡದ ಮೇಲೆ ಗಿಡ ಹತ್ತುವುದು ಕಷ್ಟ ಏಕೆ ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಜನ ಅದನ್ನು ಸೈನೈಡಿನ ಲೆಕ್ಕಕ್ಕೆ ಹಾಕುತ್ತಾರೆ. ನಿಜವಾಗಿ ಅದು ಅರೆದ ಕಲ್ಲು. ಅದರಲ್ಲಿ ಎಲೆಗೊಬ್ಬರವಿಲ್ಲ, ಸಾರಜನಕವಿಲ್ಲ, ನೀರು ನಿಲ್ಲುವುದಿಲ್ಲ, ಆಮ್ಲ ಬೇರೆ. ಬಳ್ಳಾರಿ ಜಾಲಿಯಂಥ ಮೊಂಡು ಗಿಡಕ್ಕೂ ಅದು ಸುಲಭದ ನೆಲವಲ್ಲ.

ಹಾಗಾಗಿ ಗುಡ್ಡದ ಹತ್ತಿರದ ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕೊಡುವವರಿಗೆ ನಮ್ಮ ಸಲಹೆ ಒಂದೇ: ಟಿಡಿಎಸ್ ಒಂದನ್ನೇ ನೋಡಿ ಸಮಾಧಾನಪಡಬೇಡಿ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ ಸೈನೈಡ್ 0.05 ಮಿಲಿಗ್ರಾಂ ಮತ್ತು ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದು, ಪಿಎಚ್ 6.5ರಿಂದ 8.5ರ ಒಳಗಿರಬೇಕು. ಆರ್ಸೆನಿಕ್, ಸಲ್ಫೇಟ್, ಪಿಎಚ್ ಮೂರನ್ನೂ ಬರೆದುಕೊಡಿ ಎಂದು ಲ್ಯಾಬಿನವರನ್ನು ಕೇಳಿ. ಸೈನೈಡನ್ನೂ ಸೇರಿಸಿದರೆ ಮನಸ್ಸಿನ ಭಯವೂ ಹೋಗುತ್ತದೆ.

ದೂಳು

ನೀರಿಗಿಂತ ಹೆಚ್ಚು ಮಂದಿಯನ್ನು ತಲುಪುವುದು ದೂಳು. ಗಾಳಿ ಬೀಸುವ ತಿಂಗಳುಗಳಲ್ಲಿ ಗುಡ್ಡದ ಬುಡದ ಲೈನು ಮನೆಗಳಲ್ಲಿ ಬಟ್ಟೆ ಹೊರಗೆ ಒಣಹಾಕಲು ಯೋಚಿಸಬೇಕು. ಈ ದೂಳಿನ ಮುಖ್ಯ ವಸ್ತು ಸ್ಫಟಿಕ ಶಿಲೆ, ಅಂದರೆ ಸಿಲಿಕಾ. ಜಗಲಿಯ ಮೇಲೆ ಕೂತ, ಬೆರಳಲ್ಲಿ ಗೆರೆ ಎಳೆಯಬಹುದಾದ ದೂಳು ಅಷ್ಟು ಅಪಾಯದ್ದಲ್ಲ. ಅದು ಮೂಗಿನಲ್ಲೇ ನಿಂತುಬಿಡುತ್ತದೆ. ಕಿಟಕಿಯಿಂದ ಬಿದ್ದ ಬಿಸಿಲಕೋಲಿನಲ್ಲಿ ಕುಣಿಯುವುದಕ್ಕಿಂತಲೂ ಸಣ್ಣ ಕಣಗಳು ಮಾತ್ರ ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ. ಅಲ್ಲಿ ಕೂತ ಸಿಲಿಕಾವನ್ನು ದೇಹ ಕರಗಿಸಲಾರದು. ಅದರ ಸುತ್ತ ಗಾಯದ ಕಲೆಯಂತೆ ಗಟ್ಟಿ ಗಂಟು ಕಟ್ಟುತ್ತಾ ಹೋಗುತ್ತದೆ. ಆ ಕಾಯಿಲೆಯ ಹೆಸರು ಸಿಲಿಕೋಸಿಸ್. ಬಂದ ಮೇಲೆ ವಾಸಿ ಮಾಡುವ ಔಷಧ ಇಲ್ಲ. ಸಿಲಿಕಾ ಹೊಕ್ಕ ಎದೆಗೆ ಕ್ಷಯ ಅಂಟುವ ಸಾಧ್ಯತೆಯೂ ಹೆಚ್ಚು.

ಭಾರತದ ವೈದ್ಯಕೀಯ ಪುಸ್ತಕಗಳಲ್ಲಿ ಸಿಲಿಕೋಸಿಸ್ ಅಧ್ಯಾಯ ಶುರುವಾಗುವುದೇ ಕೋಲಾರದಿಂದ. 1940ರ ದಶಕದಲ್ಲಿ ಕ್ಯಾಪ್ಲನ್ ಮತ್ತು ಬರ್ಡನ್ ಎಂಬ ವೈದ್ಯರು ಇಲ್ಲಿನ ಏಳೂವರೆ ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರನ್ನು ಪರೀಕ್ಷಿಸಿದರು. ಅವರಲ್ಲಿ ಶೇ. 43ಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಹತ್ತರಲ್ಲಿ ನಾಲ್ಕು ಜನ! ಇದು ನೆಲದಾಳದಲ್ಲಿ, ಮುಚ್ಚಿದ ಸುರಂಗದಲ್ಲಿ, ಬಂಡೆ ಕೊರೆಯುತ್ತಿದ್ದವರ ಲೆಕ್ಕ. ಇವತ್ತು ಗುಡ್ಡದ ಪಕ್ಕ ವಾಸಿಸುವವರಿಗೂ ಇಷ್ಟೇ ಅಪಾಯ ಎಂದು ಯಾರಾದರೂ ಈ ಅಂಕಿಯನ್ನು ತಿರುಗಿಸಿ ಕಳಿಸಿದರೆ ನಂಬಬೇಡಿ. ಬಯಲಿನ ದೂಳಿಗೂ ಸುರಂಗದ ದೂಳಿಗೂ ಬಹಳ ಅಂತರವಿದೆ. ಆದರೆ ವಸ್ತು ಒಂದೇ. ನಿಮ್ಮ ತಾತ ಗಣಿಯೊಳಗೆ ಕೆಮ್ಮಿದ್ದು ಇದೇ ಕಲ್ಲಿನ ಪುಡಿಗೆ.

ಆ ತಾತಂದಿರು ಯಾರು ಎನ್ನುವುದನ್ನು ಇತಿಹಾಸಕಾರ್ತಿ ಜಾನಕಿ ನಾಯರ್ 1998ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಕೂಲಂಕಷವಾಗಿ ಬರೆದಿದ್ದಾರೆ. ಕೆಜಿಎಫ್ ಗಣಿ ಕಾರ್ಮಿಕರನ್ನೂ ಬೆಂಗಳೂರಿನ ಬಟ್ಟೆ ಗಿರಣಿ ಕಾರ್ಮಿಕರನ್ನೂ ಜೊತೆಗಿಟ್ಟು ನೋಡಿದ ಅಧ್ಯಯನ ಅದು. ಆರ್ಕಾಟು, ಚಿತ್ತೂರಿನ ಕಡೆಯಿಂದ ಬಂದ, ಹೆಚ್ಚಾಗಿ ದಲಿತ ಕುಟುಂಬಗಳು ಇಲ್ಲಿ ದುಡಿದವು. ಬೆರಳಚ್ಚು ಕೊಡಬೇಕೆಂಬ ಆಜ್ಞೆಯ ವಿರುದ್ಧ 1930ರಲ್ಲಿ ಸಾವಿರಾರು ಕಾರ್ಮಿಕರು ಮುಷ್ಕರ ಹೂಡಿದ್ದರು. ಚಿನ್ನ ಹೊರಗೆ ಹೋಯಿತು, ಪುಡಿ ಲೈನುಗಳ ಪಕ್ಕದಲ್ಲಿ ಉಳಿಯಿತು. ಗಣಿ ಮುಚ್ಚಿದ ಮೇಲೆ ಮೊಮ್ಮಕ್ಕಳು ಕೆಲಸಕ್ಕೆ ಬೆಳಗಾಗುವ ಮುಂಚೆ ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗುತ್ತಿದ್ದಾರೆ. (ಅಂದ ಹಾಗೆ, ಚಿನ್ನ ಮಾರುತ್ತಿದ್ದ ಪೇಟೆಯಾದ್ದರಿಂದ ಬಂಗಾರಪೇಟೆ ಎನ್ನುವುದೂ ಒಂದು ಫಾರ್ವರ್ಡೇ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಿನ ಬೌರಿಂಗ್‌ಪೇಟೆ ಜನರ ಬಾಯಲ್ಲಿ ಬಂಗಾರವಾಯಿತು.)

ಚಿನ್ನದ ಲೆಕ್ಕ

ಈಗ ಆಸೆಯ ಫಾರ್ವರ್ಡಿಗೆ ಬರೋಣ. ಸೈನೈಡ್ ಕೂಡ ಪೂರ್ತಿ ಚಿನ್ನವನ್ನು ಎಳೆದುಕೊಳ್ಳುವುದಿಲ್ಲ, ಒಂದಿಷ್ಟು ಪುಡಿಯಲ್ಲೇ ಉಳಿಯುತ್ತದೆ. ಕೆಜಿಎಫ್ ಗುಡ್ಡಗಳಲ್ಲಿ ಅದು ಸರಾಸರಿ ಟನ್ನಿಗೆ 0.7 ಗ್ರಾಂ. ಒಟ್ಟು 3.3 ಕೋಟಿ ಟನ್ನಿಗೆ ಗುಣಿಸಿ ನೋಡಿ, ಸುಮಾರು 23 ಟನ್ ಬರುತ್ತದೆ. ಗ್ರಾಂಗೆ 10,000 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ 23,000 ಕೋಟಿ. ದೊಡ್ಡ ಮೊತ್ತವೇ, ಇಲ್ಲ ಅನ್ನುವುದಿಲ್ಲ. ಆದರೆ ಲಕ್ಷಾಂತರ ಕೋಟಿಯಲ್ಲ. ಇದರಿಂದ ದೇಶದ ಸಾಲ ತೀರುವುದಿಲ್ಲ.

ಅಷ್ಟೂ ಕೈಗೆ ಸಿಗುವುದೂ ಇಲ್ಲ. ಒಮ್ಮೆ ಕೈತಪ್ಪಿಸಿಕೊಂಡ ಚಿನ್ನ ಇದು. ನೂರರಲ್ಲಿ ಎಪ್ಪತ್ತು ಪಾಲು ತೆಗೆಯಬಹುದು ಎಂದಿಟ್ಟುಕೊಂಡರೂ ಒಂದು ಸವರನ್, ಅಂದರೆ 8 ಗ್ರಾಂ ಚಿನ್ನಕ್ಕೆ 16 ಟನ್ ಮಣ್ಣು ಬೇಕು. ಒಂದು ದೊಡ್ಡ ಟಿಪ್ಪರ್ ಲಾರಿ ತುಂಬ ಮಣ್ಣು, ಒಂದು ಸವರನ್. ಒಂದು ಚೀಲ ಮಣ್ಣು ತಂದು ಮನೆಯಲ್ಲಿ ಪಾದರಸದಿಂದ ತೊಳೆದರೆ ಚಿನ್ನ ಬರುತ್ತದೆ ಎನ್ನುವ ವಿಡಿಯೋಗಳನ್ನು ನಂಬಿ ಕೈಹಾಕಬೇಡಿ. 50 ಕಿಲೋ ಚೀಲದಲ್ಲಿರುವುದು ಹೆಚ್ಚೆಂದರೆ 0.035 ಗ್ರಾಂ. ಅದಕ್ಕೋಸ್ಕರ ಪಾದರಸ ಕಾಯಿಸಿದರೆ ಆ ಹೊಗೆ ಮನೆಯ ಮಕ್ಕಳ ನರ ಮತ್ತು ಮೂತ್ರಪಿಂಡಕ್ಕೆ ನಾಟುತ್ತದೆ.

ಸರ್ಕಾರ ಮುಚ್ಚಿಡುತ್ತಿದೆ ಎನ್ನುವುದೂ ಸುಳ್ಳು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 1,003.4 ಎಕರೆಯಲ್ಲಿರುವ 13 ಗುಡ್ಡಗಳನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟದ್ದು ಎಲ್ಲ ಪತ್ರಿಕೆಗಳಲ್ಲೂ ಬಂದಿದೆ.

ಅಗೆದರೆ ಏನಾಗುತ್ತದೆ?

ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ಸುತ್ತಮುತ್ತ ಇಂಥ ಗುಡ್ಡಗಳನ್ನು ದಶಕಗಳಿಂದ ಕರಗಿಸುತ್ತಿದ್ದಾರೆ. ಅಲ್ಲಿ ಟನ್ನಿಗೆ ಅರ್ಧ ಗ್ರಾಂಗಿಂತ ಕಡಿಮೆ ಸಿಕ್ಕಿದರೂ ಕೆಲಸ ನಡೆಯುತ್ತದೆ. ಜೆಸಿಬಿ ಹಚ್ಚಿ ಕೆರೆಯುವುದಕ್ಕಿಂತ ಜೋರಾದ ನೀರಿನ ಜೆಟ್ ಹೊಡೆದು, ಗುಡ್ಡವನ್ನು ರಾಡಿ ಮಾಡಿ, ಪೈಪಿನಲ್ಲಿ ಕಾರ್ಖಾನೆಗೆ ಸಾಗಿಸುವುದು ಅಲ್ಲಿನ ಪದ್ಧತಿ. ದೂಳು ಏಳುವುದಿಲ್ಲ. ಆದರೆ ಅದಕ್ಕೆ ನೀರು ಬೇಕು, ಕೋಲಾರ ಜಿಲ್ಲೆಯಲ್ಲಿ ನೀರು ಬೇಕು ಎನ್ನುವುದು ಎಷ್ಟು ದೊಡ್ಡ ಮಾತು ಎಂದು ನಿಮಗೆ ಹೇಳಬೇಕಿಲ್ಲ. ನೀರಿಲ್ಲದೆ ಒಣಗಿದ್ದನ್ನೇ ಅಗೆದರೆ, ವರ್ಷಗಟ್ಟಲೆ ಮಳೆಗೆ ಹೊಪ್ಪಳೆಗಟ್ಟಿದ ಮೇಲ್ಪದರ ಒಡೆದು, ಒಳಗಿನ ನುಣುಪು ಹಿಟ್ಟು ಗಾಳಿಗೆ ಸಿಗುತ್ತದೆ. ಗಂಧಕದ ಖನಿಜಗಳಿಗೂ ಹೊಸದಾಗಿ ಗಾಳಿ ತಾಕುತ್ತದೆ.

ಇನ್ನೊಂದು ವಿಚಿತ್ರವಿದೆ. ಉಳಿದ ಚಿನ್ನ ತೆಗೆಯಲು ಇವತ್ತಿಗೂ ಸಾಮಾನ್ಯವಾಗಿ ಬಳಸುವುದು ಸೈನೈಡನ್ನೇ. ಬಿಸಿಲು ಮಳೆ ಸೇರಿ ಕಳೆದದ್ದನ್ನು ನಾವೇ ಹೊಸದಾಗಿ ಡ್ರಮ್ಮಿನಲ್ಲಿ ತರಬೇಕಾಗಬಹುದು. ರೊಮೇನಿಯಾದ ಬಾಯಾ ಮಾರೆ ಊರಿನಲ್ಲಿ ಹೀಗೇ ಆಯಿತು. ಮನೆಗಳ ಪಕ್ಕದ ಹಳೆಯ ಗಣಿ ಪುಡಿಯನ್ನು ಮತ್ತೆ ಸಂಸ್ಕರಿಸಿ, ಚಿನ್ನವನ್ನೂ ತೆಗೆದು ದೂಳಿನ ಕಾಟವನ್ನೂ ತಪ್ಪಿಸುತ್ತೇವೆ ಎಂದೇ ಅಲ್ಲೊಂದು ಕಾರ್ಖಾನೆ ಬಂತು. 2000ದ ಜನವರಿ 30ರ ರಾತ್ರಿ ಅದರ ಕಟ್ಟೆ ಒಡೆದು ಸುಮಾರು 1 ಲಕ್ಷ ಘನ ಮೀಟರ್ ಸೈನೈಡ್ ನೀರು ನದಿ ಸೇರಿತು. ಗಡಿ ದಾಟಿ ಹಂಗೇರಿಯವರೆಗೂ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದವು. ಬಳಸಿದ ಸೈನೈಡನ್ನು ಹೊರಬಿಡುವ ಮೊದಲೇ ನಾಶ ಮಾಡುವ ತಂತ್ರಜ್ಞಾನ ಇವತ್ತು ಇದೆ. ಅದನ್ನು ಹಾಕಿದ್ದಾರಾ, ಕಟ್ಟೆ ಎಷ್ಟು ಮಳೆ ತಡೆಯುತ್ತದೆ ಎಂದು ಕೇಳಬೇಕಾದವರು ನಾವು.

ಚಿನ್ನ ತೆಗೆದ ಮೇಲೂ ಪುಡಿ ಲೆಕ್ಕಕ್ಕೆ ಬರುವಷ್ಟು ಕಡಿಮೆಯಾಗುವುದಿಲ್ಲ ಎನ್ನುವುದನ್ನು ಮರೆಯುತ್ತೇವೆ. 3.3 ಕೋಟಿ ಟನ್ ಹಾಕಿದರೆ 3.3 ಕೋಟಿ ಟನ್ ಹೊರಬರುತ್ತದೆ. ಇದಕ್ಕೊಂದು ಉತ್ತರ ಹುಡುಕಿದವರೂ ಇದೇ ಊರಿನವರು. ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ 1988ರಲ್ಲಿ ಶುರುವಾದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯ ಸಂಶೋಧಕರು ಈ ಪುಡಿಯಿಂದ ಇಟ್ಟಿಗೆ ಮಾಡಿ ನೋಡಿದರು, 2007ರಲ್ಲಿ ಪ್ರಕಟಿಸಿದರು. ಬರೀ ಪುಡಿ ಇಟ್ಟಿಗೆಯಾಗಿ ನಿಲ್ಲಲಿಲ್ಲ, ಅಂಟಿರಲಿಲ್ಲ. ನೂರಕ್ಕೆ 20 ಪಾಲು ಸಿಮೆಂಟ್ ಬೆರೆಸಿ 14 ದಿನ ನೀರುಣಿಸಿದಾಗ ಗಟ್ಟಿ ಇಟ್ಟಿಗೆ ಬಂತು, ಆದರೆ ಖರ್ಚು ಜಾಸ್ತಿ. ಎರೆಮಣ್ಣು ಅಥವಾ ಕೆಂಪು ಮಣ್ಣು ಬೆರೆಸಿ ಸುಟ್ಟಾಗ ಪುಡಿಯನ್ನು ಅರ್ಧದ ಆಸುಪಾಸು, ಕೆಲವು ಮಿಶ್ರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಬಹುದು, ದರವೂ ಗಿಟ್ಟುತ್ತದೆ ಎಂದು ಕಂಡಿತು. ನಮಗೆ ಇದು ಚಿನ್ನದ ಸುದ್ದಿಗಿಂತ ದೊಡ್ಡ ಸುದ್ದಿ ಅನಿಸುತ್ತದೆ, ಆದರೆ ಇಟ್ಟಿಗೆಯ ಬಗ್ಗೆ ಯಾರು ಫಾರ್ವರ್ಡ್ ಮಾಡುತ್ತಾರೆ? ಹಾಗೆಂದು ಗುಡ್ಡದ ಮರಳನ್ನು ನೀವೇ ತಂದು ಗಾರೆಗೆ ಬೆರೆಸಬೇಡಿ. ಅದರಲ್ಲಿರುವ ಸಲ್ಫೇಟ್ ಸಿಮೆಂಟನ್ನು ಒಳಗಿನಿಂದ ತಿನ್ನುತ್ತದೆ.

ಸದ್ಯಕ್ಕೆ ಗುಡ್ಡದ ಪಕ್ಕ ಇರುವವರು ಮಾಡಬಹುದಾದದ್ದು ಸಣ್ಣ ಸಣ್ಣ ಕೆಲಸಗಳು. ಗಾಳಿಯ ದಿನ ಮನೆ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ನೀರಿನ ತೊಟ್ಟಿ, ಡ್ರಮ್ಮು ಮುಚ್ಚಿಡಿ. ಅಲ್ಲಿ ಆಡಿ ಬಂದ ಮಕ್ಕಳು ಕೈ ತೊಳೆಯದೆ ತಟ್ಟೆಗೆ ಕೈ ಹಾಕದಿರಲಿ. ಕರ್ಚೀಫು ಸಣ್ಣ ಕಣ ತಡೆಯುವುದಿಲ್ಲ, ಎನ್95 ಮಾಸ್ಕ್ ತಡೆಯುತ್ತದೆ. ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಹಿಂದೆ ಗಣಿಯಲ್ಲಿ ದುಡಿದಿದ್ದರೆ ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ ಕ್ಷಯದಂತೆಯೇ ಕಾಣಿಸಿ ದಾರಿ ತಪ್ಪಿಸುವುದುಂಟು.

ದೊಡ್ಡ ಕೆಲಸ ಬೇರೆ ಇದೆ. ಇಷ್ಟು ದೊಡ್ಡ ಗಣಿ ಯೋಜನೆಗಳಿಗೆ 2006ರ ಪರಿಸರ ಅಧಿಸೂಚನೆಯಂತೆ ಸಾಮಾನ್ಯವಾಗಿ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತದೆ. ಅಲ್ಲಿ ಕೇಳಬೇಕಾದದ್ದು ಎಷ್ಟು ಚಿನ್ನ ಬರುತ್ತದೆ ಎಂದಲ್ಲ. ನೀರು ಎಲ್ಲಿಂದ ತರುತ್ತೀರಿ, ಗಾಳಿಯ ಪಿಎಂ 10 ಅಳೆಯುವ ಯಂತ್ರ ಯಾವ ಲೈನಿನ ಪಕ್ಕ ಇಡುತ್ತೀರಿ, ಅದರ ಅಂಕಿ ದಿನಾ ನಮ್ಮ ಮೊಬೈಲಿಗೆ ಸಿಗುತ್ತದೆಯೇ, ಬಳಸಿದ ಸೈನೈಡನ್ನು ಏನು ಮಾಡುತ್ತೀರಿ, ಉಳಿದ ಪುಡಿಯನ್ನು ಎಲ್ಲಿ ಸುರಿಯುತ್ತೀರಿ ಎಂದು ಕೇಳಿ. ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕೆಂಬ ನಿಯಮವಿದೆ, ಜಿಲ್ಲಾಧಿಕಾರಿ ಕಚೇರಿಯಲ್ಲಿ ನೋಡಲು ಸಿಗುತ್ತದೆ. ಕೆಜಿಎಫ್‌ನ ಎಷ್ಟೋ ಮನೆಗಳಲ್ಲಿ ಹಿರಿಯರು ಓದುವುದು ತಮಿಳು ಮಾತ್ರ. ಅವರಿಗೆ ಕೂತು ಓದಿ ಹೇಳುವ ಕೆಲಸ ರೈಲಿನಲ್ಲಿ ಬೆಂಗಳೂರಿಗೆ ಓಡಾಡುವ ಮೊಮ್ಮಕ್ಕಳದ್ದು.